ತೂಬಿನ ಲೆಕ್ಕ

ಏಳು ಹಲಗೆ. ಓಕ್ ಮರದ್ದು, ಒಂದೊಂದೂ ಆರಂಗುಲ.
ಮೇ ಹದಿನೈದಕ್ಕೆ ಮೇಲಿನದನ್ನು ಎತ್ತುತ್ತೇನೆ.
ಕೊಕ್ಕೆ ಸಿಕ್ಕಿಸಿ ಎಳೆದರೆ ಜೌಗು ಒಮ್ಮೆ ಬಿಕ್ಕುತ್ತದೆ,
ಆಮೇಲೆ ಕಂದು ನೀರು ಹಿಂದಿನ ಕಾಲುವೆಗೆ
ಯಾರಿಗೂ ಹೇಳದೆ ಹೊರಡುತ್ತದೆ.

ಅಯೋವಾದ ಉತ್ತರಕ್ಕೆ, ಸುತ್ತ ಮುಸುಕಿನ ಜೋಳ,
ನಡುವೆ ಸಾವಿರದಿನ್ನೂರು ಎಕರೆ ಸಾರ್ವಜನಿಕರದು
ಎಂದು ಹೇಳುವ ಬೋರ್ಡು. ಬೋರ್ಡಿನಲ್ಲಿ ಹಾರುವ ಬಾತು,
ಬಾತಿನ ಎದೆಯಲ್ಲಿ ಮೂರು ಗುಂಡಿನ ತೂತು.
ಪ್ರತಿ ವರ್ಷ ಹೊಸದು ನೆಡುತ್ತೇವೆ. ಪ್ರತಿ ವರ್ಷ ಯಾರೋ
ಕೋವಿಯ ಗುರಿ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಾರೆ.

ನನ್ನ ಹುದ್ದೆಯ ಹೆಸರು ಗುರುತುಚೀಟಿಯಲ್ಲಿ ಎರಡು ಸಾಲು.
ನೀರುಗಂಟಿ ಎಂದಿದ್ದರೆ ಸಾಕಿತ್ತು.

ನೀರು ಇಳಿದಂತೆ ಊರು ಏರಿ ಬರುತ್ತದೆ.
ಓಸ್ಟರ್‌ಬಿಯ ಅಗ್ನಿಶಾಮಕ ಠಾಣೆಯಲ್ಲಿ ಸಭೆ,
ಕೆಂಪು ಲಾರಿ ಹೊರಗೆ ನಿಲ್ಲಿಸಿ ಕುರ್ಚಿ ಹಾಕಿದ್ದರು.
ವರ್ಲಿನ್ ಚೇಡನ್ ಎದ್ದ, ಟೊಪ್ಪಿ ತೆಗೆಯದೆ:
"ನಲವತ್ತೊಂದು ವರ್ಷದ ದೋಣಿ ಕೆಸರಲ್ಲಿ ಕೂತಿದೆ.
ನೀರಿಲ್ಲದ ಜೌಗು ಕಾಯಲು ನಿನಗೆ ಸಂಬಳ ಬೇರೆ!"
ಜನ ನಕ್ಕರು. ನಾನೂ ನಕ್ಕೆ. ಚಿತ್ರ ತೋರಿಸತೊಡಗಿದೆ:
ಕಾರ್ಪ್ ಮೀನು ತಳ ಕೆದಕಿ ನೀರು ರಾಡಿ ಮಾಡುವುದು,
ರಾಡಿಯಲ್ಲಿ ಬೆಳಕಿಲ್ಲ, ಬೆಳಕಿಲ್ಲದೆ ಹುಲ್ಲಿಲ್ಲ,
ಹುಲ್ಲಿಲ್ಲದೆ ಬಾತು...
ಅಷ್ಟರಲ್ಲಿ ಪ್ರೊಜೆಕ್ಟರಿನ ಬಲ್ಬು ಹೋಯಿತು.
ಕತ್ತಲಲ್ಲಿ ಒಂದು ದನಿ: "ಅದೂ ಇಲಾಖೆಯದೇ ಇರಬೇಕು."

ಹಕ್ಕಿ ನೋಡುವವರಿಗೆ ಬರೀ ಕೆಸರು ಬೇಕು,
ಬೇಟೆಯವರಿಗೆ ಮೊಣಕಾಲುದ್ದ ನೀರು,
ಕುದುರೆ ಸವಾರರಿಗೆ ಏರಿಯ ಮೇಲೆ ಒಣ ದಾರಿ.
ಮಸ್ಕ್‌ರಾಟ್ ಅರ್ಜಿ ಹಾಕಿಲ್ಲ;
ನೇರವಾಗಿ ಬಂದು ಏರಿಗೇ ಬಿಲ ತೋಡಿದೆ.

ಹಿಂದಿನ ಸಾಲಿನಲ್ಲಿ ಬುನ್‌ಮಿ, ಹಂದಿಮಾಂಸದ ಕಾರ್ಖಾನೆಯ
ಪಾಳಿ ಮುಗಿಸಿ ಬಂದವಳು, ಕೇಳಿದ್ದು ಒಂದೇ:
"ಎಷ್ಟನೇ ಹಲಗೆಗೆ ಮೀನು ಕೈಗೆ ಸಿಗುತ್ತದೆ?"
ಐದನೆಯದಕ್ಕೆ, ಎಂದೆ.

ಐದನೆಯದರ ದಿನ ಅವಳು, ಅವಳ ತಂಗಿ, ಮೊಮ್ಮಕ್ಕಳು,
ಬಟ್ಟೆ ಒಗೆಯುವ ಬುಟ್ಟಿಗಳು, ತೊಡೆವರೆಗೆ ಕೆಸರು.
ಒಂದು ಮಗು ತನ್ನಷ್ಟೇ ಉದ್ದದ ಕಾರ್ಪನ್ನು
ತಬ್ಬಿಕೊಂಡು ಹೆಜ್ಜೆ ಕಿತ್ತು ಕಿತ್ತು ಬರುತ್ತಿತ್ತು,
ಯಾರು ಯಾರನ್ನು ಹೊತ್ತಿದ್ದಾರೆ ತಿಳಿಯದ ಹಾಗೆ.
ನಾನು ಪರವಾನಗಿ ಕೇಳಬೇಕಿತ್ತು. ಕೇಳಿದೆ.
ಬುನ್‌ಮಿ ಅಕ್ಕಿಚೀಲದ ತುಂಡಿನಲ್ಲಿ ಸುತ್ತಿ
ಒದ್ದೆಯಾಗದಂತೆ ಇಟ್ಟುಕೊಂಡಿದ್ದಳು.
ನನ್ನ ಗುರುತುಚೀಟಿಯೇ ಒದ್ದೆಯಾಗಿತ್ತು.

ಜುಲೈ ಪೂರ್ತಿ ನಾತ. ದಿನಕ್ಕೆ ಮೂರು ಫೋನು.
ಆಮೇಲೆ ಬಿರಿದ ಮಣ್ಣಿನ ಸೀಳಿನಿಂದ
ಎಷ್ಟೋ ವರ್ಷ ನೀರಡಿ ಉಸಿರು ಹಿಡಿದಿದ್ದ ಬೀಜ:
ಕೆಂಪು ಕಾಂಡದ ಕಳೆ, ಕಾಡು ಊದಲು,
ಹೆಸರು ನೋಡಿ ಬರೆದುಕೊಂಡ ಇನ್ನೆರಡು.
ನಾನೇನೂ ಬಿತ್ತಿರಲಿಲ್ಲ. ವರದಿಯಲ್ಲಿ ಮಾತ್ರ
"ಇಲಾಖೆ ಬೆಳೆಸಿದ್ದು" ಎಂದಿದೆ.

ಸೆಪ್ಟೆಂಬರಿನಲ್ಲಿ ಹಲಗೆಗಳು ಒಂದೊಂದಾಗಿ ವಾಪಸು.
ಬಾತು ತಲೆಕೆಳಗಾದರೆ ಕೊಕ್ಕಿಗೆ ತಳ ಸಿಗಬೇಕು,
ಅಷ್ಟೇ ನೀರು, ಅದಕ್ಕಿಂತ ಹೆಚ್ಚಿಲ್ಲ.
ಈ ಅಳತೆಗೆ ನನ್ನ ಬೂಟಿನ ಮೇಲೆ ಗೆರೆ ಎಳೆದಿದ್ದೇನೆ.

ನವೆಂಬರಿನಲ್ಲಿ ಪಾರ್ಕಿಂಗಿನ ಪೆಟ್ಟಿಗೆ ತೆರೆದು
ಬಂದವರು ತುಂಬಿದ ಕಾರ್ಡು ಎಣಿಸಿದೆ.
ವರ್ಲಿನ್‌ನದು: ಇದ್ದದ್ದು ಆರು ಗಂಟೆ. ಹಾರಿಸಿದ ಗುಂಡು ಸೊನ್ನೆ.
ಕಂಡದ್ದೇನು ಎಂಬಲ್ಲಿ ಪೆನ್ನೂರಿದ ಚುಕ್ಕೆ, ಅಕ್ಷರವಿಲ್ಲ.
ದೂರು: ನೀರು ಇನ್ನೂ ನಾಲ್ಕಂಗುಲ ಕಡಿಮೆ.
ಇನ್ನೊಂದು ಕಾರ್ಡು ಪೂರ್ತಿ ಲಾವೋ ಲಿಪಿಯಲ್ಲಿ.
"ಇತರೆ" ಎಂಬ ಕಾಲಂಗೆ ಸೇರಿಸಿದೆ,
ತಪ್ಪೆಂದು ಗೊತ್ತಿದ್ದೂ. ಬೇರೆ ಕಾಲಂ ಇರಲಿಲ್ಲ.

ತೂಬಿನ ಕೆಳಗಿನ ಎರಡು ಹಲಗೆಗಳ ನಡುವೆ ಈಗಲೂ ಸೋರುತ್ತಿದೆ.
ಬೂದಿ ಸುರಿದೆ, ಮರದ ಹೊಟ್ಟು ಸುರಿದೆ.
ನಾಳೆ ಮತ್ತೆ ಹೋಗಬೇಕು,
ಹೆಪ್ಪುಗಟ್ಟುವುದರೊಳಗೆ.